ಅರ್ಥಿಂಗ್ ಸರಿ ಇಲ್ಲ

ನಮ್ಮ ಮಾವನವರು ತುಮಕೂರಿನಲ್ಲಿ ಕೆಇಬಿಗೆ ಲೈನ್‌ಮನ್ ಆಗಿ ಸೇರಿ ಅಲ್ಲೇ ನಿವೃತ್ತರಾದವರು. ಕೆಇಬಿ 1999ರಲ್ಲೇ ಕೆಪಿಟಿಸಿಎಲ್ ಆಯಿತು. ಅವರ ಬಾಯಲ್ಲಿ ಇನ್ನೂ ಆಗಿಲ್ಲ. ಲೋಕದ ಸಕಲ ಕೆಡುಕಿಗೂ ಅವರು ಹೇಳುವ ಕಾರಣ ಒಂದೇ: "ಅರ್ಥಿಂಗ್ ಸರಿ ಇಲ್ಲ." ಟೋಸ್ಟರ್ ಕೆಟ್ಟಾಗಲೂ ಅದೇ, ನನಗೆ ಬಡ್ತಿ ತಪ್ಪಿದಾಗಲೂ ಅದೇ.

ಹಾಗಾಗಿ ಇಲ್ಲಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಮ್ಮ ಹಳೇ ಕಾರಿನ ಸ್ಟೀರಿಯೊ ಕುಂಯ್‌ಗುಡತೊಡಗಿದಾಗ ಅವರ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬ್ಲೂಟೂತ್ ಇಲ್ಲದ ಕಾಲದ ಕಾರು. ಫೋನಿಗೆ ವೈರು ಸಿಕ್ಕಿಸಿ ದಾಸರ ಪದ ಹಾಕಿದರೆ ಹಿಂದೊಂದು ಕುಂಯ್. ಆಕ್ಸಿಲರೇಟರ್ ಒತ್ತಿದರೆ ಏರುತ್ತದೆ, ಕಾಲು ತೆಗೆದರೆ ಇಳಿಯುತ್ತದೆ.

ನಾನು ಸಾಫ್ಟ್‌ವೇರಿನವನು. ನನಗೆ ಬರುವ ಒಂದೇ ರಿಪೇರಿ, ಆಫ್ ಮಾಡಿ ಆನ್ ಮಾಡುವುದು. ಬ್ಯಾಟರಿಯ ಕನೆಕ್ಷನ್ನನ್ನೇ ಬಿಚ್ಚಿ ಮತ್ತೆ ಸಿಕ್ಕಿಸಿದೆ. ಕುಂಯ್ ನಿಂತಿತು. ಜೊತೆಗೆ ಉಳಿದದ್ದೂ ನಿಂತಿತು. ಯಾರಾದರೂ ಕದ್ದೊಯ್ದರೆ ಹಾಡಬಾರದೆಂದು ಕಂಪನಿಯವರು ಮಾಡಿದ ಏರ್ಪಾಡಂತೆ, ಕರೆಂಟು ತಪ್ಪಿದೊಡನೆ ಸ್ಟೀರಿಯೊ ಐದಂಕಿಯ ಕೋಡ್ ಕೇಳತೊಡಗಿತು. ಕೋಡಿನ ಕಾರ್ಡು ಗ್ಲೋವ್ ಬಾಕ್ಸಿನಲ್ಲಿತ್ತು, ಎರಡು ವರ್ಷದ ಪ್ರಸಾದದ ಪೊಟ್ಟಣಗಳ ಅಡಿಯಲ್ಲಿ, ಕುಂಕುಮ ಮೆತ್ತಿಕೊಂಡು. ನಾಲ್ಕನೆಯ ಅಂಕಿ ಮೂರೋ ಎಂಟೋ? ಮಗಳು ಎಂಟೆಂದಳು. ಹೆಂಡತಿ ಮೂರೆಂದಳು. ಸಂಸಾರಸ್ಥನಾಗಿ ಮೊದಲು ಮೂರು ಒತ್ತಿದೆ. ಎಂಟು.

ಸ್ಟೀರಿಯೊಗೆ ಜೀವ ಬಂತು. ಕುಂಯ್‌ಗೂ ಬಂತು.

"ಆ ಚಾರ್ಜರ್ ಕೀಳಪ್ಪ ಒಂದ್ಸಲ," ಅಂದರು ಮಾವನವರು. ಕಿತ್ತೆ. ಗಪ್‌ಚಿಪ್!

ಅವರು ಬಿಡಿಸಿ ಹೇಳಿದ್ದಿಷ್ಟು. ಊರಲ್ಲಾದರೆ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಅರ್ಥ್ ಕೊಡಬಹುದು. ಕಾರಿಗೆ ಅದರ ಮೈಯೇ ಅರ್ಥ್. ಚಾರ್ಜರಿನ ಅರ್ಥ್ ಒಂದು ಕಡೆ, ಸ್ಟೀರಿಯೊದ್ದು ಇನ್ನೊಂದು ಕಡೆ. ಎರಡರ ನಡುವೆ ಕೂದಲೆಳೆಯಷ್ಟು ವೋಲ್ಟೇಜ್ ವ್ಯತ್ಯಾಸ. ಚಾರ್ಜರ್ ಮತ್ತು ಹಾಡಿನ ವೈರು ಎರಡನ್ನೂ ಒಟ್ಟಿಗೆ ಸಿಕ್ಕಿಸಿದೆವೋ, ಫೋನು ಅವೆರಡಕ್ಕೂ ಸೇತುವೆ ಕಟ್ಟುತ್ತದೆ. ಆಲ್ಟರ್ನೇಟರಿನ ಕರೆಂಟಿನಲ್ಲಿ ಉಳಿದ ಅಲೆ ಆ ಸೇತುವೆ ದಾಟಿ ಸ್ಪೀಕರಿಗೆ ನುಗ್ಗುತ್ತದೆ. ಎಂಜಿನ್ ಜೋರಾದಷ್ಟೂ ಅಲೆ ಜೋರು. ಮೂವತ್ತು ವರ್ಷ ತಪ್ಪು ಜಾಗದಲ್ಲೆಲ್ಲ ಹೇಳಿದ ಮಾತು ಕೊನೆಗೊಮ್ಮೆ ಸರಿಯಾದ ಜಾಗದಲ್ಲಿ ಬಿದ್ದಿತ್ತು. ಆ ದಿನ ಅವರು ಎರಡು ಸಲ ಕಾಫಿ ಕೇಳಿ ಕುಡಿದರು.

ಆ ಸೇತುವೆ ಮುರಿಯಲು ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಸಿಗುತ್ತದೆ, ಹತ್ತು ಡಾಲರ್. ವೈರಿನ ನಡುವೆ ಕೂರಿಸಿದೆ. ಚಾರ್ಜರ್ ಇದ್ದರೂ ಸದ್ದಿಲ್ಲ.

ಮರುದಿನ ಪಿಟ್ಸ್‌ಬರ್ಗಿನ ವೆಂಕಟೇಶ್ವರನ ದರ್ಶನಕ್ಕೆ ಹೊರಟೆವು. ಪೆನ್ಸಿಲ್ವೇನಿಯಾದ ಟರ್ನ್‌ಪೈಕ್ ಹಿಡಿದ ಮೇಲೂ ಅತ್ತೆ ತುಟಿ ಬಿಚ್ಚಲಿಲ್ಲ. ಹೋದ ಸಲ ದಾರಿಯುದ್ದಕ್ಕೂ ಹಾಡಿದ್ದವರು.

"ಯಾಕಮ್ಮ?" ಎಂದಳು ಹೆಂಡತಿ.

"ಶ್ರುತಿ ಇಲ್ದೆ ಹೆಂಗೆ ಹಾಡ್ಲಿ? ಎಷ್ಟು ಚೆನ್ನಾಗಿ ಬರ್ತಿತ್ತು. ಅಳಿಯಂದ್ರು ಕಷ್ಟಪಟ್ಟು ಕೆಡಿಸಿಟ್ರು."

ಮಾವನವರೇ ಡಬ್ಬಿ ಕಿತ್ತು ವೈರನ್ನು ನೇರ ಸಿಕ್ಕಿಸಿದರು. ನನಗೆ ಅಪ್ಪಣೆಯಾಯಿತು: ಒಂದೇ ವೇಗ, ಒಂದೇ ಷಡ್ಜ. ಕ್ರೂಸ್ ಕಂಟ್ರೋಲನ್ನು ಅರವತ್ತೈದು ಮೈಲಿಗೆ ನಿಲ್ಲಿಸಿದೆ. ಕಾರು ಕುಂಯ್ ಎಂದಿತು, ಅತ್ತೆ ಕಣ್ಣು ಮುಚ್ಚಿ ಶುರುವಿಟ್ಟರು. ಮೂರು ಸುರಂಗ ನಿರ್ವಿಘ್ನವಾಗಿ ದಾಟಿದೆವು. ಅಲಿಗೇನಿ ಬೆಟ್ಟದ ಏರು ಬಂದಾಗ ಗೇರ್ ತಾನಾಗಿ ಇಳಿಯಿತು, ಎಂಜಿನ್ ಮೊರೆಯಿತು, ಷಡ್ಜ ಎಲ್ಲಿಗೋ ನೆಗೆಯಿತು. ಅತ್ತೆ ಚರಣದ ಮಧ್ಯೆ ನಿಲ್ಲಿಸಿ ಕಣ್ಣು ಬಿಟ್ಟರು.

ಮಾವನವರು ಹಿಂತಿರುಗಿ ಡಿಕ್ಕಿಯ ಕಡೆ ನೋಡಿದರು.

"ಲೋಡ್ ಜಾಸ್ತಿ ಕಣೇ. ಪುಳಿಯೋಗರೆ ಅಷ್ಟೊಂದು ಬೇಡ ಅಂದೆ."