ಮಹಾಪ್ರಬಂಧದ ಓದುಗರು

ಪಿಎಚ್.ಡಿ. ಮಹಾಪ್ರಬಂಧವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದಕ್ಷರವನ್ನೂ ಬಿಡದೆ ಓದುವವರು ಒಬ್ಬರೇ ಒಬ್ಬರು. ಅವರು ಮಾರ್ಗದರ್ಶಕರಲ್ಲ, ಪರೀಕ್ಷಕರೂ ಅಲ್ಲ. ವಿಶ್ವವಿದ್ಯಾಲಯದ ಗೇಟಿನ ಎದುರು, ಜೆರಾಕ್ಸ್ ಮೆಷಿನ್ನಿನ ಹಿಂದೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿರುವ ಡಿಟಿಪಿ ಅಕ್ಕ.

ಅಕ್ಕನಿಗೆ ಸಾಹಿತ್ಯ, ಇತಿಹಾಸ, ಸಮಾಜಶಾಸ್ತ್ರವೆಂಬ ಭೇದವಿಲ್ಲ. ಪುಟಕ್ಕಿಷ್ಟು ದರ, ಟೇಬಲ್ ಇದ್ದರೆ ಬೇರೆ ಲೆಕ್ಕ. ಬೆಳಿಗ್ಗೆ ವಚನಕಾರ್ತಿಯರು, ಮಧ್ಯಾಹ್ನ ಹಾಲು ಉತ್ಪಾದಕರ ಸಹಕಾರ ಸಂಘಗಳು, ಸಂಜೆ ಪಂಚಾಯತ್ ರಾಜ್. ಹೀಗೆ ವರ್ಷಗಟ್ಟಲೆ ಟೈಪು ಮಾಡಿದ ಅಕ್ಕ ಒಂದು ದಿನ ತಲೆಯೆತ್ತದೆ ಕೇಳುತ್ತಾಳೆ: ‘ಅಣ್ಣಾ, ಈ ತಾಲ್ಲೂಕಿನ ಮಳೆ ಪ್ರಮಾಣದ ಟೇಬಲ್ಲು ಹೋದ ತಿಂಗಳೇ ಒಬ್ರಿಗೆ ಮಾಡ್ಕೊಟ್ಟಿದ್ದೆ. ಫೈಲ್ ಇಲ್ಲೇ ಇದೆ. ಅದನ್ನೇ ಹಾಕ್ಬಿಡ್ಲಾ?’

ಸಂಶೋಧಕನ ಮುಖ ಕೆಂಪಾಗುತ್ತದೆ. ಆದರೆ ಅಕ್ಕ ಕೇಳಿದ್ದರಲ್ಲಿ ತಪ್ಪೇನಿದೆ? ಒಂದೇ ತಾಲ್ಲೂಕಿನ ಮೇಲೆ ಇಬ್ಬರು ಸಂಶೋಧನೆ ಮಾಡಿದರೆ ಇಬ್ಬರಿಗೂ ಬೇರೆ ಬೇರೆ ಮಳೆ ಸುರಿಯುತ್ತದೆಯೆ?

ಕನ್ನಡದ ಪ್ರಾದೇಶಿಕ ಅಧ್ಯಯನಗಳಿಗೊಂದು ಗಟ್ಟಿ ಸಂಪ್ರದಾಯವಿದೆ. ಗ್ರಾಮದೇವತೆಯ ಜಾತ್ರೆಯ ಮೇಲೆ ಬರೆದರೂ ಮೊದಲು ಅಕ್ಷಾಂಶ ರೇಖಾಂಶ ಬರಬೇಕು. ಆಮೇಲೆ ಕೆಂಪು ಮಣ್ಣು, ಕಪ್ಪು ಮಣ್ಣು, ನದಿ, ಹಳ್ಳ, ಬೆಳೆ, ಜಾನುವಾರು ಗಣತಿ, ರಾಜಮನೆತನಗಳು. ದೇವಿ ಪ್ರತ್ಯಕ್ಷಳಾಗುವುದು ಮೂರನೆಯ ಅಧ್ಯಾಯದಲ್ಲಿ. ಶೀರ್ಷಿಕೆಯೂ ಹಾಗೆಯೇ. ಊರಿನ ಹೆಸರು, ವಿವರಣ ಚಿಹ್ನೆಯ ಎರಡು ಚುಕ್ಕಿ, ಆಮೇಲೆ ‘ಒಂದು ಸಾಂಸ್ಕೃತಿಕ ಅಧ್ಯಯನ’. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪುಸ್ತಕವಾಗಿ ಬಂತು. ಕ್ರಿ.ಶ. 450ರಿಂದ 1150ರವರೆಗಿನ ಏಳುನೂರು ವರ್ಷಗಳ ಕಲ್ಲುಗಳನ್ನು ಅಕ್ಷರಕ್ಷರ ಓದಿ ಬರೆದ ಮಹಾಪ್ರಬಂಧ ಅದು. ಅವರ ನಂತರ ಬಂದವರಿಗೆ ಕಲ್ಲುಗಳು ಅಷ್ಟು ಸುಲಭವಾಗಿ ದಕ್ಕದಿದ್ದರೂ ಶೀರ್ಷಿಕೆಯ ಕೊನೆಯ ಎರಡು ಪದಗಳಂತೂ ದಕ್ಕಿದವು.

ಅಕ್ಕ ಟೈಪಿಸಿದ ಪುಟಗಳಿಗೆ ಮುಂದಿನ ಓದುಗ ಯಂತ್ರ. ಕೃತಿಚೌರ್ಯ ಪತ್ತೆ ಮಾಡುವ ತಂತ್ರಾಂಶ.

ಇಲ್ಲಿ ಕನ್ನಡದ ಸಂಶೋಧಕ ಒಂದು ವಿಚಿತ್ರ ಸುಖ ಅನುಭವಿಸುತ್ತಾನೆ. ಅಂಗಡಿಗಳಲ್ಲಿ ಇಂದಿಗೂ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲೇ ಟೈಪು ಮಾಡುವುದುಂಟು. ಕಣ್ಣಿಗೆ ಅದು ದುಂಡಾದ ಕನ್ನಡ. ಯಂತ್ರಕ್ಕೆ ಮಾತ್ರ ‘ಕನ್ನಡ’ ಎಂಬ ಪದವೇ ಹೀಗೆ ಕಾಣುತ್ತದೆ: ಒಂದು ಇಂಗ್ಲಿಷ್ ‘ಪಿ’, ತಲೆಯ ಮೇಲೆ ಓರೆಗೀಟು ಹೊತ್ತ ಒಂದು ‘ಎ’, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೊಂದು ಗೀಟಿನ ‘ಎ’, ಜರ್ಮನ್ನರ ಒಂದಕ್ಷರ, ಸಣ್ಣದೊಂದು ‘ಕ್ಯೂ’, ಕೊನೆಗೆ ಇನ್ನೊಂದು ‘ಎ’. ಜಗತ್ತಿನ ಯಾವ ಪುಸ್ತಕದಲ್ಲೂ ಇಂಥ ಭಾಷೆ ಸಿಗದೆ ಯಂತ್ರ ಶೇಕಡಾ ಸೊನ್ನೆ ಸಾಮ್ಯವೆಂದು ಬರೆದುಕೊಡುತ್ತದೆ. ಇಡೀ ಪ್ರಬಂಧದಲ್ಲಿ ಎರವಲಿನ ಒಂದು ಸಾಲೂ ಇಲ್ಲವಂತೆ! ಸಂಶೋಧಕನಿಗೇ ನಂಬಲಾಗುವುದಿಲ್ಲ.

ಸುಖ ಬಹಳ ಹೊತ್ತು ಇರುವುದಿಲ್ಲ. ಗ್ರಂಥಾಲಯದವರು ಫೈಲನ್ನು ತೆರೆದು ನೋಡಿ, ‘ಯೂನಿಕೋಡ್‌ಗೆ ಕನ್ವರ್ಟ್ ಮಾಡ್ಕೊಂಡ್ ಬನ್ನಿ ಸರ್’ ಎನ್ನುತ್ತಾರೆ. ಪರಿವರ್ತಕಕ್ಕೆ ಹಾಕಿದರೆ ಒತ್ತಕ್ಷರಗಳು ಒಂದು ಕಡೆ, ಮೂಲಾಕ್ಷರಗಳು ಇನ್ನೊಂದು ಕಡೆ. ಅರ್ಕಾವತ್ತು ಇರಬೇಕಾದಲ್ಲಿ ಒಂಬತ್ತರ ಅಂಕಿ ಬಂದು ಕೂತು ಕರ್ನಾಟಕ ‘ಕನಾ೯ಟಕ’ವಾಗಿರುತ್ತದೆ. ಹಳಗನ್ನಡದ ಸಂಶೋಧಕನ ಪಾಡು ಇನ್ನೂ ಒಂದು ಕೈ ಹೆಚ್ಚು. ಪಂಪನ ಪದ್ಯಗಳಲ್ಲಿ ಬರುವ ‘ೞ’ ಅಕ್ಷರ ಕೀಲಿಮಣೆಯಲ್ಲಿ ಎಲ್ಲಿದೆಯೆಂದು ಅಕ್ಕನಿಗೆ ಗೊತ್ತಿಲ್ಲ. ಗೊತ್ತಿಲ್ಲದ ಅಕ್ಷರಕ್ಕೆ ಆಕೆ ಜಾಗ ಬಿಟ್ಟುಕೊಡುತ್ತಾಳೆ. ‘ಪ್ರಿಂಟ್ ಆದ್ಮೇಲೆ ಪೆನ್ನಲ್ಲಿ ಬರ್ಕೊಂಡ್ಬಿಡಿ ಸರ್.’ ಎಷ್ಟು ಪ್ರತಿ ಸಲ್ಲಿಸಬೇಕೋ ಅಷ್ಟರಲ್ಲೂ, ಎಷ್ಟು ಪದ್ಯವಿದೆಯೋ ಅಷ್ಟರಲ್ಲೂ. ಸಾವಿರ ವರ್ಷದ ಹಿಂದಿನ ಲಿಪಿಕಾರರ ಕಷ್ಟ ಅರ್ಥವಾಗಲಿಕ್ಕೆ ಇದಕ್ಕಿಂತ ಒಳ್ಳೆಯ ಕ್ಷೇತ್ರಕಾರ್ಯ ಇನ್ನಿಲ್ಲ.

ತಿದ್ದಿದ ಯೂನಿಕೋಡ್ ಪ್ರತಿ ಮತ್ತೆ ಯಂತ್ರದ ಹೊಟ್ಟೆ ಸೇರುತ್ತದೆ. ಈಗ ನಿಜವಾದ ಭಯ. ಯುಜಿಸಿಯ 2018ರ ನಿಯಮಗಳ ಪ್ರಕಾರ ಸಾಮ್ಯ ಶೇಕಡಾ 10ರವರೆಗೆ ಇದ್ದರೆ ಅಡ್ಡಿಯಿಲ್ಲ. 10ರಿಂದ 40ರ ನಡುವೆ ಇದ್ದರೆ ಆರು ತಿಂಗಳ ಮಿತಿಯೊಳಗೆ ತಿದ್ದಿ ತರಬೇಕು. 40 ದಾಟಿದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಮೂಲ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಕೃತಜ್ಞತೆ ಇವನ್ನು ಲೆಕ್ಕದಿಂದ ಬಿಡಬೇಕೆಂದೂ ನಿಯಮವಿದೆ. ಆಕಸ್ಮಿಕವಾಗಿ ಹೊಂದಿಕೆಯಾಗುವ ಮಾತುಗಳಿಗೆ ಸತತ 14 ಪದಗಳವರೆಗೆ ವಿನಾಯಿತಿ. ಇದನ್ನು ಬರೆದವರು ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರಬೇಕು. ಕನ್ನಡದಲ್ಲಿ ವಿಭಕ್ತಿ, ಸಮಾಸ, ಪ್ರತ್ಯಯಗಳೆಲ್ಲ ಒಂದೇ ಪದಕ್ಕೆ ಜೋತುಬೀಳುವುದರಿಂದ 14 ಪದಗಳೆಂದರೆ ಸಣ್ಣದೊಂದು ಸಿದ್ಧಾಂತವನ್ನೇ ಆರಾಮಾಗಿ ಎತ್ತಿಕೊಂಡು ಹೋಗಬಹುದು.

ಇಷ್ಟೆಲ್ಲ ಆಗುವುದು ಬರೆದು ಮುಗಿಸಿದವರಿಗೆ. ಬರೆಯುತ್ತಲೇ ಇರುವವರ ಸಂಖ್ಯೆ ದೊಡ್ಡದು. 2022ರ ಯುಜಿಸಿ ನಿಯಮಾವಳಿಯಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮಹಿಳೆಯರಿಗೆ ಇನ್ನೆರಡು ವರ್ಷ ಹೆಚ್ಚುವರಿ ಅವಕಾಶವೂ ಉಂಟು. ಈ ಅವಧಿಯಲ್ಲಿ ಸಂಶೋಧಕ ಏನೇನು ಮಾಡುತ್ತಾನೆಂದು ಕೇಳಬಾರದು. ಕೆಸೆಟ್ ಪರೀಕ್ಷೆ ಬರೆಯುತ್ತಾನೆ, ಅತಿಥಿ ಉಪನ್ಯಾಸಕನಾಗುತ್ತಾನೆ, ಮದುವೆಯಾಗುತ್ತಾನೆ, ಚುನಾವಣಾ ಕೆಲಸಕ್ಕೆ ಹೋಗುತ್ತಾನೆ. ಪ್ರಬಂಧವೊಂದನ್ನು ಬಿಟ್ಟು ಉಳಿದದ್ದೆಲ್ಲ ನಡೆಯುತ್ತದೆ. ‘ಎಲ್ಲಿಗೆ ಬಂತಪ್ಪಾ?’ ಎಂದು ಊರಿನ ದೊಡ್ಡವರು ಕೇಳಿದಾಗ ಹೇಳುವ ‘ಕೊನೇ ಚಾಪ್ಟರ್ ಮಾವ’ ಎಂಬ ಉತ್ತರ ಮಾತ್ರ ಮೊದಲ ವರ್ಷದಿಂದಲೂ ತಯಾರಾಗಿರುತ್ತದೆ.

ಹಾಗಂತ ಇದನ್ನು ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ. ಯು.ಆರ್. ಅನಂತಮೂರ್ತಿಯವರು 1960ರ ದಶಕದಲ್ಲಿ ಡಾಕ್ಟರೇಟ್ ಮಾಡಲೆಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋಗಿದ್ದರು. ಬರೆಯಬೇಕಾಗಿದ್ದದ್ದು 1930ರ ದಶಕದ ರಾಜಕಾರಣ ಮತ್ತು ಇಂಗ್ಲಿಷ್ ಕಥನ ಸಾಹಿತ್ಯದ ಬಗ್ಗೆ. ಅಲ್ಲಿ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಸಿನಿಮಾ ನೋಡಿ, ಮೇಷ್ಟರಾಗಿದ್ದ ಮಾಲ್ಕಂ ಬ್ರಾಡ್‌ಬರಿಯವರ ಜೊತೆ ಮಾತಿಗೆ ಕೂತು, ಆ ಮಾತಿನ ಎಳೆ ಹಿಡಿದು ಬರೆಯತೊಡಗಿದ್ದು ‘ಸಂಸ್ಕಾರ’ವನ್ನು. ಕಾದಂಬರಿ 1965ರಲ್ಲಿ ಪ್ರಕಟವಾಯಿತು, ಪಿಎಚ್.ಡಿ. ಬಂದದ್ದು 1966ರಲ್ಲಿ. ಪ್ರಬಂಧಕ್ಕಿಂತ ಮೊದಲು ಕಾದಂಬರಿ ಮುಗಿಯಿತೆಂದು ಕನ್ನಡದಲ್ಲಿ ಯಾರೂ ತಕರಾರು ತೆಗೆದಿಲ್ಲ. ಕಾದಂಬರಿಯ ಪ್ರಾಣೇಶಾಚಾರ್ಯರನ್ನು ಬಲ್ಲವರು ಲಕ್ಷಾಂತರ. ಆ ಪ್ರಬಂಧವನ್ನು ಓದಿದವರು ಎಷ್ಟು ಮಂದಿಯೋ.

ಬರೆದು, ತಿದ್ದಿ, ಯಂತ್ರಕ್ಕೆ ತೋರಿಸಿ ಆದ ಮೇಲೆ ಸಿಗುವ ಓದುಗರು ಆಡಳಿತ ಕಚೇರಿಯ ಪಿಎಚ್.ಡಿ. ವಿಭಾಗದ ಗುಮಾಸ್ತರು. ಇವರ ಓದು ತೀರಾ ಆಯ್ದದ್ದು. ಹೊರಹೊದಿಕೆ, ಪ್ರಮಾಣಪತ್ರ, ಚಲನ್. ಒಳಗೆ ಬಸವಣ್ಣನ ಕಾಲವನ್ನೇ ನೂರು ವರ್ಷ ಹಿಂದಕ್ಕೆ ತಳ್ಳಿದ್ದರೂ ಅವರು ಅಲುಗುವುದಿಲ್ಲ. ಆದರೆ ಹೊದಿಕೆಯ ಮೇಲಿನ ಶೀರ್ಷಿಕೆಯಲ್ಲಿ ‘ಕುರಿತ’ ಎಂದಿದ್ದು, ನೋಂದಣಿ ಪತ್ರದಲ್ಲಿ ‘ಕುರಿತು’ ಎಂದಿದ್ದರೆ ಪೆನ್ನು ಅಲ್ಲೇ ನಿಲ್ಲುತ್ತದೆ.

‘ಒಂದು ಕೊಂಬು ಸಾರ್, ಅರ್ಥ ಅದೇ ಅಲ್ವಾ?’

‘ಅರ್ಥ ನೀವು ನೋಡ್ಕೊಳ್ಳಿ. ನಾವು ಫೈಲ್ ನೋಡ್ಬೇಕಲ್ಲ.’

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಸಂಶೋಧಕ ಒಳಗೊಳಗೇ ಗೊಣಗಿಕೊಳ್ಳಬಹುದು. ಆದರೆ ನ್ಯಾಯವಾಗಿ ನೋಡಿದರೆ, ನಾಲ್ಕಾರು ವರ್ಷ ಗೈಡಿನ ಕಣ್ಣಿಗೂ ತನ್ನ ಕಣ್ಣಿಗೂ ಬೀಳದ ವ್ಯತ್ಯಾಸವನ್ನು ಅರ್ಧ ನಿಮಿಷದಲ್ಲಿ ಹಿಡಿದವರು ಗುಮಾಸ್ತರೇ. ಶೀರ್ಷಿಕೆ ಬದಲಾವಣೆಗೆ ಅರ್ಜಿ, ಅದಕ್ಕೆ ಗೈಡಿನ ಶಿಫಾರಸು, ವಿಭಾಗದ ಮುಖ್ಯಸ್ಥರ ಸಹಿ, ಇನ್‌ವರ್ಡ್ ನಂಬರು. ಇದರ ನಡುವೆ ಗ್ರಂಥಾಲಯದ ನೋ ಡ್ಯೂ, ಹಾಸ್ಟೆಲ್ಲಿನ ನೋ ಡ್ಯೂ, ಮೈದಾನಕ್ಕೆ ಒಂದು ದಿನವೂ ಕಾಲಿಡದವನಿಗೂ ಕ್ರೀಡಾ ವಿಭಾಗದ ನೋ ಡ್ಯೂ.

ಬೈಂಡಿಂಗಿನವನ ಓದು ಇನ್ನೂ ಚಿಕ್ಕದು. ಆತ ಪುಟ ಎಣಿಸಿ ಬೆನ್ನಿನ ದಪ್ಪ ಅಳೆಯುತ್ತಾನೆ. ರೆಕ್ಸಿನ್ನಿನ ಬಣ್ಣ ಕೇಳುತ್ತಾನೆ. ಬೆನ್ನಿನ ಮೇಲೆ ಬಂಗಾರದ ಬಣ್ಣದಲ್ಲಿ ಅಚ್ಚಾಗಬೇಕಾದ ಹೆಸರು ಉದ್ದವಾದರೆ, ಅಪ್ಪ ಇಟ್ಟ ಹೆಸರಿನಲ್ಲಿ ಎರಡಕ್ಷರ ಕಡಿಮೆ ಮಾಡಲು ಸಲಹೆ ಕೊಡುತ್ತಾನೆ.

ಸಲ್ಲಿಸಿಯಾಯಿತು. ಇನ್ನು ಪ್ರಬಂಧ ಹೋಗುವುದು ನಿಜವಾದ ಓದುಗರ ಕೈಗೆ, ಅಂದರೆ ವಿಶ್ವವಿದ್ಯಾಲಯದ ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರಿಗೆ. ಮೌಲ್ಯಮಾಪನದಿಂದ ಮೌಖಿಕ ಪರೀಕ್ಷೆಯವರೆಗಿನ ಎಲ್ಲವೂ ಸಲ್ಲಿಸಿದ ಆರು ತಿಂಗಳೊಳಗೆ ಮುಗಿಯಬೇಕೆಂದು ನಿಯಮ ಹೇಳುತ್ತದೆ. ನಿಯಮ ಹೇಳುವುದನ್ನೆಲ್ಲ ಪೋಸ್ಟಿನವರೂ ಪ್ರೊಫೆಸರರೂ ಕೇಳಿಸಿಕೊಂಡಿರುತ್ತಾರೆ ಎನ್ನುವಂತಿಲ್ಲ. ಆ ದಿನಗಳಲ್ಲಿ ಗೈಡಿಗೆ ಸಂಶೋಧಕ ಮಾಡುವ ‘ಗುಡ್ ಮಾರ್ನಿಂಗ್ ಸರ್’ ಸಂದೇಶದ ಹಿಂದೆ ಎಷ್ಟು ದೈನ್ಯವಿರುತ್ತದೆಂಬುದು ಆ ಕಡೆ ನೀಲಿ ಟಿಕ್ ಮಾಡಿದವರಿಗೂ ಗೊತ್ತು.

ಕೊನೆಗೆ ವೈವಾ. ಮುಂದಿನ ಸಾಲಿನಲ್ಲಿ ಊರಿನಿಂದ ಬಂದ ಅಪ್ಪ ಅಮ್ಮ. ಹೊರಗಿನ ಪರೀಕ್ಷಕರು 182ನೆಯ ಪುಟದ ಒಂದು ಅಡಿಟಿಪ್ಪಣಿಯ ಬಗ್ಗೆ ಕೇಳುತ್ತಾರೆ. ಸಂಶೋಧಕ ಬೆರಗಾಗುತ್ತಾನೆ. ಇದನ್ನು ಒಬ್ಬರು ಓದಿದ್ದಾರೆ! ಉತ್ತರ ತೊದಲಿದರೂ ಮನಸ್ಸು ತುಂಬಿಬರುತ್ತದೆ. ಆಮೇಲೆ ಶಾಲು, ಹಾರ, ಫೋಟೊ. ಮಧ್ಯಾಹ್ನದ ಊಟ ಅಭ್ಯರ್ಥಿಯದೇ ಎಂದು ಯಾವ ನಿಯಮಾವಳಿಯಲ್ಲೂ ಬರೆದಿಲ್ಲ. ಬರೆಯದ ನಿಯಮವನ್ನು ಮಾತ್ರ ಎಲ್ಲರೂ ಪಾಲಿಸುತ್ತಾರೆ, ಹೋಳಿಗೆ ಸಮೇತ. ನಾಲ್ಕು ದಿನಕ್ಕೆ ಜಿಲ್ಲಾ ಪತ್ರಿಕೆಯ ಒಳಪುಟದಲ್ಲಿ ಅಂಚೆಚೀಟಿ ಗಾತ್ರದ ಫೋಟೊ, ಕೆಳಗೆ ಇಂಥವರ ಮಾರ್ಗದರ್ಶನದಲ್ಲಿ ಸಲ್ಲಿಸಿದ ಮಹಾಪ್ರಬಂಧಕ್ಕೆ ಪದವಿ ಲಭಿಸಿದೆ ಎಂಬ ಮೂರು ಸಾಲು. ಶೀರ್ಷಿಕೆಯನ್ನು ಪೂರ್ತಿಯಾಗಿ ಅಚ್ಚು ಹಾಕುವ ಏಕೈಕ ಸಾರ್ವಜನಿಕ ಸಂದರ್ಭ ಅದು. ಅಲ್ಲೂ ಕೆಲವೊಮ್ಮೆ ಕೊಂಬು ಬಿದ್ದುಹೋಗಿರುತ್ತದೆ.

ಪ್ರಬಂಧಗಳನ್ನು ಯಾರೂ ಓದುವುದಿಲ್ಲವೆಂಬ ಗೇಲಿಗೆ ಅರ್ಥವಿಲ್ಲದಿಲ್ಲ. ಆದರೆ ಪೂರ್ತಿ ಸತ್ಯವೂ ಅಲ್ಲ. ಜಿ.ಎಸ್. ಶಿವರುದ್ರಪ್ಪನವರು ಕುವೆಂಪು ಅವರ ಮಾರ್ಗದರ್ಶನದಲ್ಲಿ ಬರೆದ ‘ಸೌಂದರ್ಯ ಸಮೀಕ್ಷೆ’, ಎಂ.ಎಂ. ಕಲಬುರ್ಗಿಯವರ ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’ ಇವೂ ಒಂದು ಕಾಲಕ್ಕೆ ಪಿಎಚ್.ಡಿ.ಗೆ ಬರೆದ ಪ್ರಬಂಧಗಳೇ. ಪುಸ್ತಕವಾಗಿ ತರಗತಿಗಳನ್ನು ಸೇರಿದವು. ಆ ಭಾಗ್ಯ ಇಲ್ಲದವು ಹಿಂದೆ ಗ್ರಂಥಾಲಯದ ಬೀಗ ಹಾಕಿದ ಬೀರುವಿನಲ್ಲಿ ಧೂಳು ತಿನ್ನುತ್ತಿದ್ದವು. ಈಗ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ ತಾಣದಲ್ಲಿ ದೇಶದ ಲಕ್ಷಗಟ್ಟಲೆ ಪ್ರಬಂಧಗಳು ಸಿಗುತ್ತವೆ, ಕನ್ನಡದವೂ ಸಾವಿರಗಟ್ಟಲೆ ಇವೆ. ಲಾಗಿನ್ ಬೇಡ, ದುಡ್ಡೂ ಬೇಡ.

ಬಿಡುವಾದಾಗ ನಿಮ್ಮ ಜಿಲ್ಲೆಯದೋ ತಾಲ್ಲೂಕಿನದೋ ಒಂದು ಪ್ರಬಂಧ ತೆರೆದು ನೋಡಿ. ಮೊದಲ ಅಧ್ಯಾಯ ಓದಲೇಬೇಡಿ. ಆ ಮಳೆ ನಿಮ್ಮ ಊರಲ್ಲೇ ಸುರಿದದ್ದು, ನಿಮಗೆ ಗೊತ್ತು. ನೇರವಾಗಿ ಅನುಬಂಧಕ್ಕೆ ಹೋಗಿ. ಊರೂರು ತಿರುಗಿ ಬರೆದುಕೊಂಡ ಹಾಡುಗಳು, ಹಾಡಿದ ಅಜ್ಜಿಯರ ಹೆಸರು, ವಯಸ್ಸು, ಊರು, ಹೊಲದ ಬದುವಿನಲ್ಲಿ ಸಿಕ್ಕ ವೀರಗಲ್ಲಿನ ಮಸುಕು ಫೋಟೊ, ಯಾವ ಪುಸ್ತಕದಲ್ಲೂ ಇಲ್ಲದ ನಾಲ್ಕು ಮಾತಿನ ಸಂದರ್ಶನ ಎಲ್ಲ ಅಲ್ಲಿರುತ್ತದೆ. ಸಂಶೋಧಕ ನಿಜವಾಗಿ ಬೆವರು ಸುರಿಸಿದ್ದು ಆ ಪುಟಗಳಿಗೆ. ಪರೀಕ್ಷಕರು ಅವಸರದಲ್ಲಿ ಮಗುಚಿ ಹಾಕಿದ್ದೂ ಅವನ್ನೇ.