ನಾಲ್ಕು ಇಂಚಿನ ಕಾರು

ದೇವರಾಯಸಮುದ್ರದಲ್ಲಿ ಎತ್ತರಕ್ಕೆ ಬರವಿಲ್ಲ. ಬೆಟ್ಟಗಳು ಎತ್ತರ. ಅವುಗಳ ನೆತ್ತಿಯಲ್ಲಿ ಈಗಲೋ ಆಗಲೋ ಉರುಳುತ್ತೇವೆಂದು ಹೆದರಿಸುತ್ತಾ ಕೂತ ಬಂಡೆಗಳು ಇನ್ನೂ ಎತ್ತರ. ಟೊಮೇಟೊ ಕ್ರೇಟು ಹೇರಿಕೊಂಡು ಕೋಲಾರದ ಮಂಡಿಗೆ ಹೊರಟ ಟೆಂಪೊ, ಕ್ರೇಟಿನ ಮೇಲೆ ಕೂತವನ ಟವೆಲ್ಲಿನವರೆಗೂ ಲೆಕ್ಕ ಹಿಡಿದರೆ, ಅದೂ ಒಂದು ಬೆಟ್ಟವೇ. ಇಂಥ ಊರಿನಲ್ಲಿ ನಮ್ಮ ಅಣ್ಣನ ಮಗ ನೆಲದಿಂದ ನಾಲ್ಕೇ ಇಂಚು ಮೇಲಿರುವ ಕಾರು ಕಟ್ಟಿದ.

ಕೊಂಡ ಅಲ್ಲ, ಕಟ್ಟಿದ. ಈ ಮಾದರಿಯ ಕಾರಿನ ಮೂಲಪುರುಷ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್. 1957ರಲ್ಲಿ ಆತ ಲೋಟಸ್ ಸೆವೆನ್ ಎಂಬ ಎರಡು ಸೀಟಿನ ಗಾಡಿ ಹೊರತಂದ. ಪೂರ್ತಿ ಜೋಡಿಸಿದ ಕಾರಿಗೆ ಆಗ ಅಲ್ಲಿ ಮಾರಾಟದ ಮೇಲೆ ಭಾರೀ ತೆರಿಗೆ ಇತ್ತು, ಬಿಡಿಭಾಗಗಳಾಗಿ ಕೊಟ್ಟರೆ ಆ ತೆರಿಗೆ ಇರಲಿಲ್ಲ. ಹಾಗಾಗಿ ಗಿರಾಕಿಗೆ ಪೆಟ್ಟಿಗೆ ಕೊಟ್ಟು, ಮನೆಗೆ ಹೋಗಿ ಜೋಡಿಸಿಕೋ ಎನ್ನುವುದು. ಜೋಡಿಸುವ ಕ್ರಮ ಬರೆದುಕೊಟ್ಟರೂ ತೆರಿಗೆಯವರು ಹಿಡಿಯುತ್ತಾರೆಂದು, ಬಿಚ್ಚುವ ಕ್ರಮವನ್ನು ಅಚ್ಚುಹಾಕಿಸಿ ಕೊಡುತ್ತಿದ್ದರಂತೆ. ಗಿರಾಕಿ ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ಳಬೇಕು. ಈ ಕತೆಯನ್ನು ಕಾರಿನ ಹುಚ್ಚಿನವರು ಪುರಾಣದಷ್ಟೇ ಭಕ್ತಿಯಿಂದ ಹೇಳುತ್ತಾರೆ. 1973ರಲ್ಲಿ ಆ ಕಾರಿನ ಹಕ್ಕು ಕೇಟರ್‌ಹ್ಯಾಮ್ ಎಂಬ ಕಂಪನಿಗೆ ಹೋಯಿತು, ಪೆಟ್ಟಿಗೆ ಮಾರುವುದು ಮಾತ್ರ ನಿಲ್ಲಲಿಲ್ಲ.

ನಮ್ಮ ಹುಡುಗನಿಗೆ ಪೆಟ್ಟಿಗೆಯೂ ಬರಲಿಲ್ಲ. ಒಂದು ನಕ್ಷೆ, ಮುಳಬಾಗಿಲಿನಿಂದ ತಂದ ಚೌಕ ಪೈಪು, ಗುಜರಿಗೆ ಬಿದ್ದಿದ್ದ ಆಮ್ನಿ ವ್ಯಾನಿನ ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್. ಆಮ್ನಿಯಲ್ಲಿ ಇಂಜಿನ್ ಸೀಟಿನ ಕೆಳಗಿರುತ್ತದೆ, ಡ್ರೈವರ್ ಅದರ ಮೇಲೆ ರಾಜನ ಹಾಗೆ ಕೂರುತ್ತಾನೆ. ಇಲ್ಲಿ ಇಂಜಿನ್ ಮುಂದಕ್ಕೆ ಹೋಯಿತು, ರಾಜ ನೆಲಕ್ಕೆ ಬಂದ. ಕೂತಲ್ಲಿಂದಲೇ ಕೈ ಚಾಚಿ ನೆಲದ ಮೇಲಿನ ಕಡಲೆಕಾಯಿ ಹೆಕ್ಕಬಹುದು. ಮೊದಲ ದಿನ ಕಾರು ಮನೆಯ ಮುಂದೆ ನಿಂತಾಗ ಮೋಟುಗೋಡೆಯ ಆಚೆಯಿಂದ ಬಂದ ವಿಚಾರಣೆ ನಮ್ಮ ಸೀಮೆಯ ತೆಲುಗಿನಲ್ಲೇ ಇತ್ತು: "ಏಮಣ್ಣಾ, ಕಾರು ಗುಂತಲೋ ಪಡಿಂದಾ?"

ಗುಂಡಿಯಲ್ಲಿ ಬಿದ್ದಿರಲಿಲ್ಲ, ಇದ್ದದ್ದೇ ಹಾಗೆ. ಅಡಿಯಲ್ಲಿ ಸಾಲಾಗಿ ಆಯಿಲ್ ಚೇಂಬರ್, ಬೆಲ್ ಹೌಸಿಂಗ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಆಕ್ಸಲಿನ ನಡುವೆ ಕ್ರೌನ್ ಗೇರಿನ ಗುಂಡು ಹೊಟ್ಟೆ. ಇವುಗಳಲ್ಲಿ ಎಲ್ಲಕ್ಕಿಂತ ಕೆಳಗೆ ಜೋತದ್ದು, ಎಲ್ಲಕ್ಕಿಂತ ಸೂಕ್ಷ್ಮದ್ದು ಚೇಂಬರ್. ಅದು ಅಲ್ಯೂಮಿನಿಯಂ ಎರಕದ್ದಾದರೆ ಕಲ್ಲಿಗೆ ಸೀಳುತ್ತದೆ, ಆಯಿಲ್ಲೆಲ್ಲ ರಸ್ತೆಗೆ ನೈವೇದ್ಯ. ತಗಡಿನದಾದರೆ ನೆಗ್ಗುತ್ತದೆ, ಹೊರಗೆ ಹನಿಯೂ ಸೋರದು. ನನಗೆ ಕೇಳಿದರೆ ಹೆಚ್ಚು ಕಪಟಿ ಈ ಎರಡನೆಯದೇ. ಆಯಿಲ್ ಹೀರುವ ಪೈಪಿನ ಬಾಯಿ ಚೇಂಬರಿನ ತಳಕ್ಕೆ ತೀರ ಹತ್ತಿರ ಇರುತ್ತದೆ. ತಳ ಮೇಲೆದ್ದು ಆ ಬಾಯಿ ಮುಚ್ಚಿತೆಂದರೆ ತುಂಬಿದ ಆಯಿಲ್ಲಿನ ನಡುವೆಯೇ ಇಂಜಿನ್ ಬಾಯಾರಿ ಸಾಯುತ್ತದೆ.

"ನಾಲ್ಕು ಇಂಚು ಸಾಕು ಚಿಕ್ಕಪ್ಪಾ, ಲೆಕ್ಕ ಹಾಕಿದೀನಿ" ಎಂದ. ಹಾಕಿದ್ದು ನಿಜ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೇಳಿದ ಪ್ರಕಾರ ರಸ್ತೆಯ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸಲೀಸಾಗಿ ದಾಟಬೇಕು. ಅಷ್ಟು ಅಗಲದ, ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ಉಬ್ಬಿನ ಮೇಲೆ ಎರಡೂಕಾಲು ಮೀಟರ್ ಅಂತರದ ನಾಲ್ಕು ಚಕ್ರಗಳು ನಿಂತರೆ, ನಡುವಿನ ನೆಲ ಹೊಟ್ಟೆಯ ಕಡೆಗೆ ಎದ್ದುಬರುವುದು ನಾಲ್ಕು ಸೆಂಟಿಮೀಟರಿಗೂ ಕಡಿಮೆ. ಕಾಗದದ ಮೇಲೆ ನಮ್ಮ ಕಾರು ನಗುನಗುತ್ತಾ ದಾಟಿತು.

ಆದರೆ ನಮ್ಮೂರ ಹಂಪು ಕಾಂಗ್ರೆಸ್ಸಿನದಲ್ಲ, ಪಕ್ಷಾತೀತವಾದದ್ದು. ಯಾರದೋ ಮೇಕೆಗೋ ಮೊಮ್ಮಗನಿಗೋ ಬೈಕು ತಗುಲಿದ ದಿನ ಸಂಜೆ ತೀರ್ಮಾನವಾಗಿ, ಬೆಳಗಾಗುವುದರೊಳಗೆ ಉಳಿದ ಸಿಮೆಂಟಿನಲ್ಲಿ ಎದ್ದಿರುತ್ತದೆ. ಎತ್ತರ ಒಂದು ಗೇಣಿಗೆ ಎರಡು ಬೆರಳು ಕಡಿಮೆ, ಅಗಲ ಎರಡು ಗೇಣು. ಕಟ್ಟಿದವರ ಸಿಟ್ಟು ಎಷ್ಟಿತ್ತೋ ಅಷ್ಟು ಎತ್ತರ ಎನ್ನುವುದೊಂದೇ ಅದರ ನಿಯಮ.

ಇನ್ನೊಂದು ತೊಡಕು ಸರ್ಕಾರದ್ದು. ಮನೆಯಲ್ಲಿ ಕಟ್ಟಿದ ಗಾಡಿಗೆ ಪುಣೆಯ ಎಆರ್‌ಎಐಯಂಥ ಸಂಸ್ಥೆಯ ಪರೀಕ್ಷೆ ಆಗದೆ ನಂಬರ್ ಇಲ್ಲ. ಆಮ್ನಿಯ ಹಳೇ ನಂಬರನ್ನೇ ಅಂಟಿಸೋಣವೆಂದರೆ, ನೋಂದಣಿಯಾದ ವಾಹನದ ಮೂಲ ರೂಪ ಬದಲಿಸಕೂಡದೆಂದು 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿದೆ. ಆದ್ದರಿಂದ ಕಾರು ಓಡುವುದು ನಮ್ಮ ಮಾವಿನ ತೋಪಿನ ಒಳಗೆ ಮಾತ್ರ. ಮನೆಯಿಂದ ತೋಪಿನವರೆಗೆ ಇಂಜಿನ್ ಆಫ್, ಹಿಂದೆ ಹುಡುಗರು. ತಳ್ಳುವ ಗಾಡಿಗೆ ನಂಬರ್ ಕೇಳಿದವರನ್ನು ನಾನಿನ್ನೂ ನೋಡಿಲ್ಲ.

ನಡುದಾರಿಯಲ್ಲಿ ಆ ಹಂಪು. ಮುಂದಿನ ಚಕ್ರ ಇಳಿಯುತ್ತಿದ್ದಂತೆ ಚೇಂಬರ್ ಸಿಮೆಂಟಿನ ಮೇಲೆ ಕುಕ್ಕರಿಸುತ್ತದೆ, ನಾಲ್ಕು ಚಕ್ರವೂ ಹಗುರಾಗುತ್ತವೆ, ಕಾರು ತಕ್ಕಡಿಯ ದಂಡಿಯಂತೆ ಆಚೀಚೆ ತೂಗುತ್ತದೆ. ಆಗ ಹುಡುಗರು ಕಂಡುಕೊಂಡ ಉಪಾಯವನ್ನು ಕಂಡಿದ್ದರೆ ಚಾಪ್‌ಮನ್ ಪುಲಕಿತನಾಗುತ್ತಿದ್ದ. ಕಾರಿಗೆ ಶಕ್ತಿ ಕೂಡಿಸುವುದಕ್ಕಿಂತ ತೂಕ ಕಳೆಯುವುದು ಮೇಲು ಎನ್ನುವುದು ಅವನ ಹಟ. ಬಾಗಿಲಿಲ್ಲ, ಸೂರಿಲ್ಲ, ಕಿಟಕಿ ಇಲ್ಲ; ನಮ್ಮದರ ತೂಕ ಸುಮಾರು ಐನೂರು ಕೆಜಿ. ಹತ್ತು ಹುಡುಗರು ಪಕ್ಕಕ್ಕೆ ಐದರಂತೆ ನಿಂತು ಎತ್ತಿದರೆ ತಲಾ ಒಂದು ಮೂಟೆ ಸಿಮೆಂಟು. ಉತ್ಸವಮೂರ್ತಿ ಹೊತ್ತು ರೂಢಿಯಿದ್ದ ಭುಜಗಳು, ಎತ್ತಿದರು, ಆಚೆ ಇಟ್ಟರು. ಚೇಂಬರಿಗೆ ಇದಕ್ಕಿಂತ ಒಳ್ಳೆಯ ಕಾವಲು ಬೇರೆ ಇಲ್ಲವೆಂದು ನಾನು ಅಂದೇ ಹೇಳಿದೆ. ಖರ್ಚು ಮುಳಬಾಗಿಲು ದೋಸೆ ಮಾತ್ರ.

ಇಂಜಿನಿಯರಿಂಗ್ ಓದಿದ ನಮ್ಮ ಹುಡುಗನಿಗೆ ದೋಸೆಯ ಪರಿಹಾರ ಹಿಡಿಸಲಿಲ್ಲ. ಸ್ಪ್ರಿಂಗು ಎತ್ತರಿಸು ಎಂದರೆ ಗುರುತ್ವಕೇಂದ್ರ ಮೇಲೇರುತ್ತದೆ ಎನ್ನುತ್ತಾನೆ. ಚೇಂಬರನ್ನು ಕತ್ತರಿಸಿ ತೆಳ್ಳಗೆ ಮಾಡಿ, ಕಳೆದ ಆಯಿಲ್ಲಿಗೆ ಎರಡು ಪಕ್ಕ ಜಾಗ ಮಾಡಿಕೊಡಬಹುದು. ಪರದೇಶದಲ್ಲಿ ಸೆವೆನ್ ಇಟ್ಟವರು ಮಾಡುವುದು ಅದನ್ನೇ. ರೇಸಿನವರಾದರೆ ಆಯಿಲ್ಲನ್ನೇ ಬೇರೆ ಟ್ಯಾಂಕಿಗೆ ಸಾಗಿಸಿ ಚೇಂಬರನ್ನು ತಟ್ಟೆಯಷ್ಟು ತೆಳ್ಳಗೆ ಇಟ್ಟುಕೊಳ್ಳುತ್ತಾರೆ, ಅದರ ಖರ್ಚಿಗೆ ಇನ್ನೊಂದು ಆಮ್ನಿ ಬರುತ್ತದೆ. ಇವನು ಆರಿಸಿಕೊಂಡದ್ದು ಕವಚ: ನಾಲ್ಕು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು, ಚೇಂಬರಿನಿಂದ ಕ್ರೌನಿನವರೆಗೆ, ಮುಂದಿನ ಅಂಚು ಮೇಲಕ್ಕೆ ಬಾಗಿಸಿದ್ದು. ಉಕ್ಕಿನ ಆ ದಪ್ಪಕ್ಕೆ ಚದರ ಮೀಟರಿಗೆ 31 ಕೆಜಿ ಚಿಲ್ಲರೆ, ಹಿಡಿದದ್ದು ಹತ್ತಿರ ಹತ್ತಿರ ಒಂದು ಚದರ ಮೀಟರ್. ಚಾಪ್‌ಮನ್ ಗ್ರಾಮು ಗ್ರಾಮಾಗಿ ಕಳೆದದ್ದನ್ನು ನಮ್ಮವನು ಒಂದೇ ಮಧ್ಯಾಹ್ನ ವಾಪಸು ಹಾಕಿದ. ತಗಡಿನ ದಪ್ಪ, ಅದಕ್ಕೂ ಚೇಂಬರಿಗೂ ನಡುವಿನ ಸಂದು ಸೇರಿ ನಾಲ್ಕು ಇಂಚು ಮೂರೂವರೆ ಆಯಿತು. ಮೊದಲು ತಾಗುತ್ತಿದ್ದದ್ದು ಹಂಪಿಗೆ ಮಾತ್ರ, ಈಗ ಚರಂಡಿಯ ಚಪ್ಪಡಿಗೂ ತಾಗತೊಡಗಿತು. ತಾಗಿದರೂ ಏನೂ ಆಗುವುದಿಲ್ಲ ಎಂದು ಅವನಿಗೆ ಹೆಮ್ಮೆ. ಸದ್ದು ಕೇಳಿ ಬೀದಿಯವರು ಆಚೆ ಬರುತ್ತಿದ್ದರು. ಹುಡುಗರು ಕಾರನ್ನು ಎತ್ತಿದ ತಕ್ಷಣ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾರನೆಯ ವಾರ ಆರೇ ಜನ ಬಂದರು.

ಆಮೇಲೆ ಹುರುಳಿ ಕೊಯ್ಲು ಬಂತು. ಕಣ ಮಾಡುವವರು ಈಗ ಕಡಿಮೆ, ರಸ್ತೆಯೇ ಕಣ. ಕಿತ್ತ ಗಿಡವನ್ನು ಟಾರಿನ ಮೇಲೆ ಹರಡಿದರೆ ಬಸ್ಸು, ಲಾರಿ, ಟ್ರ್ಯಾಕ್ಟರ್ ಪುಕ್ಕಟೆ ಒಕ್ಕಿಕೊಡುತ್ತವೆ. ಕೆಳಗಿರುವ ಕಾರಿಗೆ ಇದು ಕಲ್ಲಿಗಿಂತ ಕೆಟ್ಟದ್ದು. ಒಣ ಬಳ್ಳಿ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರಿನ ಬಿಸಿಗೆ ಹೊತ್ತಿಕೊಳ್ಳುತ್ತದೆ. ರಸ್ತೆಯ ಹುರುಳಿಯಿಂದ ಕಾರುಗಳು ಸುಟ್ಟ ಸುದ್ದಿ ಕರ್ನಾಟಕದಲ್ಲಿ ಮತ್ತೆ ಮತ್ತೆ ಬರುತ್ತದೆ. ಕವಚವಿದ್ದರೆ ಇನ್ನೂ ಅನುಕೂಲ, ಬಾಗಿಸಿದ ಮುಂದಿನ ಅಂಚು ಮೊರದ ಕೆಲಸ ಮಾಡಿ ಬಳ್ಳಿಯನ್ನೆಲ್ಲ ಒಳಗೆ ತುಂಬಿಕೊಳ್ಳುತ್ತದೆ.

ತೋಪಿನ ದಾರಿಯಲ್ಲಿ ಹರಡಿದ್ದ ಒಂದು ಹಾಸಿನ ಮೇಲೆ ಆರು ಹುಡುಗರು ಕಾರು ತಳ್ಳಿದರು. ಈಚೆ ತುದಿಯಲ್ಲಿ ಹೊಕ್ಕ ಕಾರು ಆಚೆ ತುದಿಯಲ್ಲಿ ಹೊರಬಂದಾಗ ರಸ್ತೆ ಮೂರಡಿ ಅಗಲಕ್ಕೆ ಬರಿದಾಗಿತ್ತು. ಪುಣ್ಯಕ್ಕೆ ಇಂಜಿನ್ ತಣ್ಣಗಿತ್ತು. ನಮ್ಮವನು ಅಂಗಾತ ಮಲಗಿ ಕವಚದ ಬೋಲ್ಟು ಬಿಚ್ಚತೊಡಗಿದ. ಹುರುಳಿಯ ಒಡತಿ ಅಜ್ಜಿ ಸೊಂಟಕ್ಕೆ ಕೈಯಿಟ್ಟು ಬಗ್ಗಿ, ಕೆಳಗಿನಿಂದ ಕಂತೆ ಕಂತೆ ಹೊರಬರುವುದನ್ನು ನೋಡಿದಳು.

"ಇದು ತುಳಿಯೋ ಗಾಡಿ ಅಲ್ಲ ಕಣಪ್ಪಾ, ಗುಡಿಸೋ ಗಾಡಿ" ಎಂದಳು. "ಇವತ್ತು ಬೇಡ. ನಾಳಿದ್ದು ಟ್ಯಾಕ್ಟರ್ ತುಳಿದಾದ ಮೇಲೆ ಹೊಟ್ಟು ಬಾಚಬೇಕು, ಆಗ ತಗಂಬಾ. ಆ ತಗಡು ಮಾತ್ರ ಬಿಚ್ಚಬೇಡ."