ಹಿಂದಿನ ಬೆಂಚಿನ ಶಾಸನಗಳು: ಮೂರು ವರ್ಷದ ಹೈಸ್ಕೂಲನ್ನು ನಾಲ್ಕು ವರ್ಷ ಓದಿದವನ ಸಂಶೋಧನ ಪ್ರಬಂಧ

ಪ್ರಸ್ತಾವನೆ

ಕರ್ನಾಟಕದ ಹೈಸ್ಕೂಲಿನಲ್ಲಿ ಮೂರು ತರಗತಿಗಳಿವೆ: ಎಂಟು, ಒಂಬತ್ತು, ಹತ್ತು. ಈ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ. ಪ್ರಸ್ತುತ ಪ್ರಬಂಧಕಾರನು ಮಾತ್ರ ಈ ಮೂರನ್ನು ಮುಗಿಸಲು 2014ರ ಜೂನ್‌ನಿಂದ 2018ರ ಏಪ್ರಿಲ್‌ವರೆಗೆ ನಾಲ್ಕು ವರ್ಷ ತೆಗೆದುಕೊಂಡಿರುತ್ತಾನೆ. ಇದನ್ನು ಪಾಮರರು ಫೇಲು ಎನ್ನುತ್ತಾರೆ. ಪಂಡಿತರು ಇದನ್ನೇ ದೀರ್ಘಾವಧಿ ಕ್ಷೇತ್ರಕಾರ್ಯ ಎನ್ನುತ್ತಾರೆ. ಮೂರೇ ವರ್ಷದಲ್ಲಿ ಮುಗಿಸಿ ಹೋದ ನನ್ನ ಸಹಪಾಠಿಗಳು ಶಾಲೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದವರು. ನಾನು ಇಳಿದು ನೋಡಿದವನು. ನನ್ನನ್ನು ಇಳಿಸಿದರು ಎಂಬುದು ಸಣ್ಣ ವಿವರ.

ಅಧ್ಯಯನದ ವ್ಯಾಪ್ತಿ ಬೇಲೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿ ಬಿ ವಿಭಾಗ. ಇನ್ನೂ ಖಚಿತವಾಗಿ ಹೇಳುವುದಾದರೆ ಗೋಡೆಗೆ ಅಂಟಿದ ಕೊನೆಯ ಬೆಂಚು.

1. ಪೂರ್ವಸೂರಿಗಳು

ಬಿ.ಎಲ್. ರೈಸ್ ಅವರು ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟವನ್ನು 1886ರಲ್ಲಿ ಹೊರತಂದರು. ಹಾಸನ ಜಿಲ್ಲೆಯ ಸಂಪುಟ ಬಂದದ್ದು 1902ರಲ್ಲಿ. ಅದರಲ್ಲಿ ನಮ್ಮ ಬೆಂಚಿನ ಪ್ರಸ್ತಾಪವೇ ಇಲ್ಲ. ಇದಕ್ಕೆ ಬೇಸರಪಡಬೇಕಿಲ್ಲ, ಏಕೆಂದರೆ ನಮ್ಮದೇ ತಾಲ್ಲೂಕಿನ ಹಲ್ಮಿಡಿಯ ಕಲ್ಲು ಕೂಡ ಅದರಲ್ಲಿ ಸೇರಿರಲಿಲ್ಲ. ಅದನ್ನು ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದು 1936ರಲ್ಲಿ. ಕ್ರಿ.ಶ. 450ರ ಸುಮಾರಿನದೆಂದು ಹೇಳಲಾಗುವ ಆ ಹದಿನಾರು ಸಾಲುಗಳಿಗಾಗಿ ಕನ್ನಡ ಅಷ್ಟು ಶತಮಾನ ಕಾದಿರುವಾಗ, ಎರಡು ಸಾಲಿನ ನಮ್ಮ ಬೆಂಚು ಇನ್ನೊಂದಷ್ಟು ದಿನ ಕಾಯಬಹುದು.

ಬೆಂಚಿನ ಬಗ್ಗೆ ಈವರೆಗೆ ಬರೆದವರಿಲ್ಲ. ಬೆಂಚಿನ ಮೇಲೆ ಬರೆದವರು ಬಹಳ. ಈ ಕೊರತೆಯನ್ನು ತುಂಬುವುದೇ ಪ್ರಬಂಧದ ಉದ್ದೇಶ.

2. ದಾನಪರಂಪರೆ

ಹಳೆಯ ಶಾಸನಗಳಲ್ಲಿ ದಾನದ ವಿಷಯ ಹೇರಳ. ಯಾರು, ಯಾರಿಗೆ, ಎಷ್ಟು ಮತ್ತರು ಗದ್ದೆ ಬಿಟ್ಟರು ಎಂಬ ವಿವರ ಇರುತ್ತದೆ. ನಮ್ಮ ಕಾಲದ ದಾನಗಳು ಮೂರು: ಬಿಸಿಯೂಟ, ಹಾಲು, ಸೈಕಲ್ಲು.

2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದಲ್ಲಿ ತಲೆಗೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿ ಹಾಲು ಎಂಬ ಲೆಕ್ಕ. ಸ್ಟೀಲ್ ಲೋಟ ಮನೆಯದು, ಹಾಲು ಸರ್ಕಾರದ್ದು, ಕೆನೆ ಮುಂದೆ ನಿಂತವನದು. ಅಡುಗೆ ಅಕ್ಕ ಸೌಟು ಅದ್ದುವ ಆಳಕ್ಕೂ ಎದುರು ನಿಂತವನ ನಗುವಿಗೂ ಸಂಬಂಧವಿದೆ ಎಂಬುದನ್ನು ನಾಲ್ಕು ವರ್ಷದ ವೀಕ್ಷಣೆಯಿಂದ ದೃಢಪಡಿಸಲಾಗಿದೆ.

ಎಂಟನೇ ತರಗತಿಯವರಿಗೆ ಸೈಕಲ್ ಕೊಡುವ ಪದ್ಧತಿ 2006-07ರಿಂದ ಬಂದದ್ದು. ಎಲ್ಲರದೂ ಒಂದೇ ಅಚ್ಚು. ಹೀಗಾಗಿ ಸಂಜೆ ನಾಲ್ಕೂವರೆಗೆ ಶೆಡ್ಡಿನಲ್ಲಿ ಯಾರ ಸೈಕಲ್ ಯಾವುದು ಎಂಬ ಕರ್ತೃತ್ವ ಸಮಸ್ಯೆ ತಲೆದೋರುತ್ತಿತ್ತು. ಪಂಪನ ಊರು ಯಾವುದೆಂದು ವಾದಿಸಿದವರೂ ಇಷ್ಟು ಕೂಗಾಡಿರಲಾರರು. ನಾನೂ, ಗೆಳೆಯನಾದ ‘ಮ’ನೂ ನಮ್ಮ ಸೈಕಲ್‌ಗಳ ಹ್ಯಾಂಡಲ್ಲಿಗೆ ಒಂದೇ ಹಳೇ ಲುಂಗಿಯ ಎರಡು ತುಂಡು ಕಟ್ಟಿಕೊಂಡಿದ್ದೆವು. ಇದು ಮುಂದಿನ ವಾದಕ್ಕೆ ಬೇಕಾದ ಆಧಾರ.

3. ಒಂಬತ್ತನೇ ತರಗತಿಯ ದ್ವಿರುಕ್ತಿ

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆಗ ಎಂಟನೇ ತರಗತಿಯವರೆಗೆ ಯಾರನ್ನೂ ಅದೇ ತರಗತಿಯಲ್ಲಿ ಉಳಿಸಿಕೊಳ್ಳುವಂತಿರಲಿಲ್ಲ. ಒಂಬತ್ತಕ್ಕೆ ಬಂದ ಕೂಡಲೇ ಕಾಯ್ದೆ ಕೈಬಿಡುತ್ತದೆ, ಮೇಷ್ಟ್ರು ಕೈಹಿಡಿಯುತ್ತಾರೆ. ಎಸ್‌ಎಸ್‌ಎಲ್‌ಸಿಯಲ್ಲಿ ಶಾಲೆಗೆ ನೂರಕ್ಕೆ ನೂರು ಬರಬೇಕಾದರೆ, ನೂರಾಗಲು ಬಿಡದವರನ್ನು ಒಂದು ಮೆಟ್ಟಿಲು ಕೆಳಗೇ ನಿಲ್ಲಿಸಿಕೊಳ್ಳಬೇಕು. ಗಣಿತದಲ್ಲಿ 27 ತೆಗೆದವನಿಗೂ ಅರ್ಥವಾಗುವ ಗಣಿತವಿದು.

ಕನ್ನಡ ವ್ಯಾಕರಣದಲ್ಲಿ ಒಂದು ಪದವನ್ನು ವಿಶೇಷಾರ್ಥಕ್ಕಾಗಿ ಎರಡು ಸಲ ಬಳಸಿದರೆ ದ್ವಿರುಕ್ತಿ. ನನ್ನನ್ನು ಒಂಬತ್ತರಲ್ಲಿ ಎರಡು ಸಲ ಬಳಸಿದ್ದರ ವಿಶೇಷಾರ್ಥ ಮಾತ್ರ ನಮ್ಮಪ್ಪನಿಗೆ ಹೊಳೆಯಲಿಲ್ಲ. ಇನ್ನು ಒಂಬತ್ತರ ಮುಂದೆ ಹತ್ತು ಬಂದರೂ ಎರಡೂ ಕೂಡಿಕೊಳ್ಳದೆ ಇದ್ದ ಹಾಗೇ ಉಳಿದದ್ದನ್ನು ಸಂಧಿ ಎನ್ನಲಾಗದು, ಅದು ಪ್ರಕೃತಿಭಾವ. ಹೆಡ್‌ಮೇಷ್ಟ್ರ ಕೊಠಡಿಯಲ್ಲಿ ನಡೆದ ಸಂವಾದದ ಪಾಠ ಹೀಗಿದೆ:

“ಹುಡುಗ ಒಳ್ಳೆಯವನೇ. ಆದರೆ ರಿಸಲ್ಟು ನೋಡಬೇಕಲ್ಲ ಗೌಡ್ರೇ.”

“ಇನ್ನೊಂದು ವರ್ಸ ಉಣ್ಲಿ ಬುಡಿ ಸಾ. ಊಟ ಹೆಂಗೂ ನಿಮ್ದೇಯ.”

ಹೊರಗೆ ಬಂದ ಮೇಲೆ ಅಪ್ಪ ಬೀಡಿ ಹಚ್ಚಿದರು. ಎರಡು ಕಡ್ಡಿ ಆರಿಹೋದವು, ಮೂರನೆಯದು ಹೊತ್ತಿತು. ಆ ದಿನ ಗಾಳಿ ಇರಲಿಲ್ಲ. ಈ ದತ್ತಾಂಶದ ವ್ಯಾಖ್ಯಾನವನ್ನು ಪ್ರಬಂಧಕಾರನು ಕೈಬಿಟ್ಟಿದ್ದಾನೆ.

ಆ ಜೂನ್‌ನಲ್ಲಿ ‘ಮ’ ಹತ್ತಕ್ಕೆ ಹೋದ. ಬೆಂಚಿನ ಎಡತುದಿ ಖಾಲಿಯಾಯಿತು. ಎಂಟರಿಂದ ಬಂದ ಒಬ್ಬ ಹುಡುಗ ಅಲ್ಲಿ ಕೂರಲು ಬಂದವನು ನನ್ನನ್ನು ಅಣ್ಣ ಎಂದು ಕರೆದ. ಒಂದೇ ತರಗತಿಯಲ್ಲಿದ್ದವನಿಂದ ಅಣ್ಣ ಎನಿಸಿಕೊಳ್ಳುವುದು ಗೌರವವೋ ಶಿಕ್ಷೆಯೋ ಎಂಬ ಚರ್ಚೆ ಈಗಲೂ ಮುಗಿದಿಲ್ಲ.

4. ಬೆಂಚು ಶಾಸನಗಳು

ವಿಧಾನ: ಶಾಸನತಜ್ಞರು ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಮಸಿ ತಟ್ಟಿ ಪಡಿಯಚ್ಚು ತೆಗೆಯುತ್ತಾರೆ. ನಾನು ರಫ್ ನೋಟ್‌ಬುಕ್ಕಿನ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದೆ. ಬರಹದ ಉಪಕರಣ ಎಲ್ಲ ಶಾಸನಗಳಲ್ಲೂ ಒಂದೇ, ಜಾಮಿಟ್ರಿ ಬಾಕ್ಸಿನ ಕೈವಾರ. ನಾಲ್ಕು ವರ್ಷದಲ್ಲಿ ಅದರಿಂದ ವೃತ್ತ ಎಳೆದದ್ದಕ್ಕೆ ಪುರಾವೆ ಸಿಕ್ಕಿಲ್ಲ.

ಒಂದನೇ ಶಾಸನ: “ಗಣಿತ ಪೀರಿಯಡ್ಡಲ್ಲಿ ಎಬ್ಬಿಸಬಾರದು. ಇದನ್ನ ಅಳಿಸಿದವನು ಫೇಲು.” ಹಳೆಯ ಶಾಸನಗಳು ಕೊನೆಯಲ್ಲಿ ಶಾಪ ಹಾಕುತ್ತವೆ, ದತ್ತಿಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ ತಟ್ಟುತ್ತದೆ ಎನ್ನುತ್ತವೆ. ಆ ಸಂಪ್ರದಾಯ ನಮ್ಮಲ್ಲಿ ಜೀವಂತವಾಗಿರುವುದು ಸಂತೋಷದ ಸಂಗತಿ. ನಾನು ಇದನ್ನು ಅಳಿಸಿರಲಿಲ್ಲ. ಆದರೂ ಶಾಪ ತಟ್ಟಿತು.

ಎರಡನೇ ಶಾಸನ: ಬಾಣ ಚುಚ್ಚಿದ ಹೃದಯ, ಒಂದು ಕಡೆ ‘ಕೆ’, ಇನ್ನೊಂದು ಕಡೆ ‘ಸ’. ಅದು ‘ಶ’ ಇರಬೇಕೆಂದು ಒಂದು ಪಂಥ. ಕೆತ್ತಿದವನಿಗೆ ಶ-ಸ ಭೇದವೇ ಇರಲಿಲ್ಲವೆಂದು ಇನ್ನೊಂದು ಪಂಥ. ಆ ಕಾಲದ ತರಗತಿಯಲ್ಲಿ ಎರಡೂ ಅಕ್ಷರದ ಹುಡುಗಿಯರಿದ್ದುದರಿಂದ ವಿವಾದ ಒಮ್ಮೆ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗಿ, ಪಿಟಿ ಮೇಷ್ಟ್ರ ಮಧ್ಯಪ್ರವೇಶದಿಂದ ತಣ್ಣಗಾಯಿತು.

ಮೂರನೇ ಶಾಸನ: ಎಡತುದಿ. 2015ರ ಮಳೆಗಾಲದ್ದು. “ಅತ್ತಕ್ಕೆ ಜೊತೆಗೇ ಓಗದು.” ಕೆಳಗೆ ಎರಡು ಅಕ್ಷರ, ಒಂದು ‘ಮ’, ಒಂದು ನನ್ನದು. ಕೆತ್ತಿದವನು ‘ಮ’. ಗೀರಿನೊಳಗೆ ಅವನು ನೀಲಿ ಶಾಯಿ ತುಂಬಿದ್ದು ಇವತ್ತಿಗೂ ಕಾಣುತ್ತದೆ.

ಇಲ್ಲಿ ಭಾಷಾಶಾಸ್ತ್ರದ ಒಂದು ಮಾತು. ಹಳಗನ್ನಡದಲ್ಲಿ ‘ಪತ್ತು’ ಇತ್ತು. ಪಕಾರ ಹಕಾರವಾಗಿ ‘ಹತ್ತು’ ಆಯಿತು. ನಮ್ಮ ಬೆಂಚಿಗೆ ಬರುವಷ್ಟರಲ್ಲಿ ಹಕಾರವೂ ಬಿದ್ದುಹೋಗಿ ‘ಅತ್ತು’ ಆಯಿತು. ಪತ್ತು, ಹತ್ತು, ಅತ್ತು: ಸಾವಿರ ವರ್ಷದ ಪಯಣ. ಕನ್ನಡ ಮೇಷ್ಟ್ರು ಇದಕ್ಕೆ ‘ಮ’ನ ಕಿವಿ ಹಿಂಡುತ್ತಿದ್ದರು. ಭಾಷೆ ಬೆಳೆಯುವಾಗ ಯಾರದಾದರೂ ಕಿವಿ ನೋಯಲೇಬೇಕು.

5. ಒಂದು ಕ್ಲಿಷ್ಟ ಪಾಠ

ಹತ್ತನೆಯವರಿಗೆ ಸೆಂಡಾಫ್ ಕೊಡುವುದು ಒಂಬತ್ತನೆಯವರ ಹೊಣೆ. 2017ರಲ್ಲಿ ನನ್ನದೇ ಸಹಪಾಠಿಗಳನ್ನು ಬೀಳ್ಕೊಡುವ ಸಮಿತಿಗೆ, ಅನುಭವದ ಆಧಾರದ ಮೇಲೆ, ನಾನೇ ಮುಂದಾಳು. ಹಿಂದಿನ ವರ್ಷವೂ ಬಲೂನು ಊದಿದ್ದೆನಲ್ಲ. ಕಾರ್ಯಕ್ರಮ ನಡೆದದ್ದು ನಮ್ಮ ಕೊಠಡಿಯಲ್ಲಿ, ಅದೇ ದೊಡ್ಡದು ಎಂದು. ಉಪ್ಪಿಟ್ಟು, ಮಿಕ್ಸ್ಚರ್, ತಲೆಗೊಂದು ಜಾಮೂನು. ‘ಮ’ ತನ್ನ ಹಳೇ ಜಾಗದಲ್ಲಿ ಕೂತಿದ್ದ. ಅವನ ತಟ್ಟೆಗೆ ನಾನು ಎರಡು ಜಾಮೂನು ಹಾಕಿದೆ. ಲೆಕ್ಕದಲ್ಲಿ ಒಂದು ಕಡಿಮೆ ಬಿತ್ತು, ಅದು ನನ್ನದು. ಅವನು ತಲೆ ಎತ್ತಲಿಲ್ಲ. ನಾನೂ ಸಾಲು ಮುಂದುವರಿಸಿದೆ.

ಮರುದಿನ ಬೆಳಿಗ್ಗೆ ನೋಡಿದರೆ ಮೂರನೇ ಶಾಸನದ ಕೆಳಗೆ ಹೊಸ ಗೀರು. ಒಳಗೆ ಶಾಯಿಯಿಲ್ಲ, ಕೊಳೆಯಿಲ್ಲ, ಮರ ಬೆಳ್ಳಗಿದೆ. ಪಕ್ಕದಲ್ಲಿ ಸಕ್ಕರೆ ಪಾಕ ಅಂಟಿ, ಇರುವೆಗಳು ಸಾಲುಗಟ್ಟಿ ಓದುತ್ತಿವೆ. ಪೂರ್ತಿ ಪಾಠ ಒಂದೇ ಪದ: “ಅತ್ತು.”

ಇದರ ಅರ್ಥನಿರ್ಣಯವೇ ಈ ಪ್ರಬಂಧದ ಕೇಂದ್ರ ಸಮಸ್ಯೆ.

ಮೊದಲನೇ ವಾದ: ಇದು ಸಂಖ್ಯಾವಾಚಕ. ಕೆತ್ತಿದವನು ಮೇಲಿನ ಸಾಲಿನಲ್ಲೂ ಹಕಾರ ಬಿಟ್ಟಿದ್ದಾನೆ. ಆದ್ದರಿಂದ ಅತ್ತು ಎಂದರೆ ಹತ್ತು. ತಾನು ಹತ್ತನೇ ತರಗತಿ ಮುಟ್ಟಿದ್ದನ್ನು ದಾಖಲಿಸಿದ್ದಾನೆ. ಇಷ್ಟೇ.

ಎರಡನೇ ವಾದ: ಇದು ‘ಅಳು’ ಧಾತುವಿನಿಂದ ಬಂದ ಕೃದಂತಾವ್ಯಯ. ಹಾಗಿದ್ದರೆ ವಾಕ್ಯ ಮುಗಿದಿಲ್ಲ. ಅತ್ತು ಏನಾಯಿತು, ಅತ್ತು ಯಾರು ಹೋದರು ಎಂಬ ಕ್ರಿಯಾಪದ ಬೇಕು. ಮುಂದಿನದನ್ನು ಕೆತ್ತುವ ಮೊದಲು ಬೆಲ್ ಹೊಡೆದಿರಬೇಕು, ಇಲ್ಲವೇ ಯಾರೋ ನೋಡಿರಬೇಕು.

ಪ್ರಬಂಧಕಾರನು ಒಂದು ವರ್ಷ ಕಾಲ ಮೊದಲನೇ ವಾದದ ಕಟ್ಟಾ ಪ್ರತಿಪಾದಕನಾಗಿದ್ದನು. ಎರಡನೆಯದನ್ನು ಒಪ್ಪಿದರೆ ಸಂಶೋಧಕನ ನಿರ್ಲಿಪ್ತತೆಗೆ ಭಂಗ ಬರುವ ಅಪಾಯವಿತ್ತು. ಆದರೆ ಈ ವರ್ಷ ನನ್ನದೇ ಸೆಂಡಾಫ್ ಆಯಿತು. ಅಣ್ಣ ಎಂದಿದ್ದ ಆ ಹುಡುಗನೂ ಈಗ ನನ್ನ ಜೊತೆಗೇ ಹತ್ತು ಮುಗಿಸಿದವನು, ಪಕ್ಕದಲ್ಲೇ ಕೂತಿದ್ದ. ಸಭೆ ಮುಗಿದ ಮೇಲೆ ನಾನು ಎಡತುದಿಯ ಬಳಿ ಒಂದು ನಿಮಿಷ ನಿಂತೆ. ಎರಡನೇ ವಾದಕ್ಕೆ ಅನುಕೂಲವಾದ ಕೆಲವು ಲಕ್ಷಣಗಳು ಆಗ ನನ್ನ ಕಣ್ಣಿನಲ್ಲಿ ಕಂಡುಬಂದವೆಂದು ಆ ಹುಡುಗ ಹೇಳುತ್ತಾನೆ. ಅವನು ವಿಶ್ವಾಸಾರ್ಹ ಆಕರವಲ್ಲ; ಅವನ ಕಣ್ಣೂ ಕೆಂಪಗಿತ್ತು.

ಉಪಸಂಹಾರ

ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625 ಅಂಕ. ಬೆಂಚು ಓದಲು ಬರುವುದಕ್ಕೆ ಅಂಕವಿಲ್ಲ. ಫಲಿತಾಂಶ ಇನ್ನೂ ಬಂದಿಲ್ಲವಾದ್ದರಿಂದ ಈ ವಿಷಯದಲ್ಲಿ ಹೆಚ್ಚು ಹೇಳುವುದು ವಿವೇಕವಲ್ಲ.

ಕೊನೆಯ ಪರೀಕ್ಷೆಯ ದಿನ ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ‘ಮ’ ಸಿಕ್ಕಿದ. ಹಾಸನದಲ್ಲಿ ಐಟಿಐ ಓದುತ್ತಿದ್ದಾನೆ, ಮೀಸೆ ಬಂದಿದೆ. ಶಾಸನಕರ್ತೃವೇ ಜೀವಂತ ಸಿಗುವ ಭಾಗ್ಯ ರೈಸ್ ಅವರಿಗೂ ಇರಲಿಲ್ಲ. ನೇರವಾಗಿ ಕೇಳಿದೆ:

“ಬೆಂಚಿನ ಮೇಲೆ ಅತ್ತು ಅಂತ ಕೆತ್ತಿದ್ಯಲ್ಲ, ಏನ್ಲಾ ಅದು?”

“ಅತ್ತು ಅಂದ್ರೆ ಅತ್ತು ಕಣ್ಲಾ,” ಎಂದವನೇ ಓಡಿಹೋಗಿ ಬಸ್ ಹತ್ತಿದ.

ಕರ್ತೃವಿನ ಹೇಳಿಕೆಯಿಂದಲೂ ಪಾಠ ತಿಳಿಯಾಗಲಿಲ್ಲವಾದ್ದರಿಂದ ಎರಡು ವಾದಗಳನ್ನೂ ಉಳಿಸಿಕೊಳ್ಳಲಾಗಿದೆ. ಈ ಬೇಸಿಗೆ ರಜೆಯಲ್ಲಿ ಶಾಲೆಯ ಬೆಂಚುಗಳಿಗೆ ಬಣ್ಣ ಹೊಡೆಸುತ್ತಾರಂತೆ. ಒಂಬತ್ತನೇ ಬಿ ವಿಭಾಗದ ಕೊನೆಯ ಬೆಂಚಿನ ಎಡತುದಿಯಲ್ಲಿ ಒಂದು ಗೇಣು ಜಾಗ ಬಿಟ್ಟು ಹೊಡೆಯಬೇಕಾಗಿ ಸಂಬಂಧಪಟ್ಟವರಲ್ಲಿ ವಿನಂತಿ.